ದೀಪ ಹಿಡಿದಾಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು

ತೊಂಡೇಬಾವಿಯಲ್ಲಿ ಬೆಂಗಳೂರಿನ ರೈಲು ಹತ್ತುವವರಲ್ಲಿ ಗಾರ್ಮೆಂಟ್ಸ್‌ನವರು, ಕಾಲೇಜು ಹುಡುಗರು, ಕಟ್ಟಡ ಕೆಲಸದವರು ಎಲ್ಲರೂ ಇರುತ್ತಾರೆ. ಅವರ ನಡುವೆ ಬ್ಯಾಗಿನೊಳಗೆ ಯೂನಿಫಾರ್ಮ್ ಮಡಚಿಟ್ಟುಕೊಂಡ ನರ್ಸ್‌ಗಳೂ ಇರುತ್ತಾರೆ. ಹಾಗೆ ಪರಿಚಯವಾದ ಒಬ್ಬ ಅಕ್ಕ ಒಂದು ದಿನ ತಮ್ಮ ಪುಟ್ಟ ಡೈರಿ ತೆಗೆದು ತೋರಿಸಿದರು. ಪುಟದ ತುಂಬಾ ಗೀಟುಗಳು. ಡ್ರಿಪ್ ಹಾಕಲು ರೋಗಿಯ ಕೈಗೆ ಚುಚ್ಚುವ ಕ್ಯಾನುಲಾ ಇರುತ್ತದಲ್ಲ, ಅದನ್ನು ರಾತ್ರಿ ಪಾಳಿಯಲ್ಲಿ ಹಾಕಿದಾಗ ಕೈ ಊದಿಕೊಳ್ಳುವುದು ಜಾಸ್ತಿ ಅಂತ ಅವರಿಗೆ ಅನುಮಾನ. ಎರಡು ತಿಂಗಳು, ಯಾರ ಕೈ ಊದಿದರೂ ಒಂದು ಗೀಟು ಹಾಕುತ್ತಾ ಬಂದಿದ್ದರು. ಮೇಲಿನವರಿಗೆ ತೋರಿಸಿದ್ದಕ್ಕೆ, ಸುಮ್ಮನೆ ಕೆಲಸ ನೋಡಿಕೊಳ್ಳಿ ಎಂಬ ಉತ್ತರ ಸಿಕ್ಕಿತಂತೆ.

ನಾನು ಇಂಜಿನಿಯರಿಂಗ್ ಓದಿದವನು ಅಂತ ಗೊತ್ತಿದ್ದರಿಂದ ಅಕ್ಕ ಕೇಳಿದರು, ಇದರಿಂದ ಏನಾದರೂ ಹೇಳೋಕ್ಕಾಗುತ್ತಾ ಅಂತ. ಒಟ್ಟು ರಾತ್ರಿ ಎಷ್ಟು ಕ್ಯಾನುಲಾ ಹಾಕಿದ್ದೀರಿ, ಹಗಲು ಎಷ್ಟು ಅಂತ ನಾನು ವಾಪಸ್ ಕೇಳಿದೆ. ಅದನ್ನು ಅವರು ಬರೆದುಕೊಂಡಿರಲಿಲ್ಲ. ಬಿಎಸ್ಸಿ ನರ್ಸಿಂಗ್‌ನಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರದ ಪೇಪರ್ ಪಾಸು ಮಾಡಿದ್ದಾರೆ. ಆದರೆ ತಮ್ಮದೇ ವಾರ್ಡಿನ ಒಂದು ಅನುಮಾನವನ್ನು ಪ್ರಶ್ನೆಯಾಗಿ, ಪ್ರಶ್ನೆಯನ್ನು ಲೆಕ್ಕವಾಗಿ ಹೇಗೆ ಮಾಡುವುದು ಎಂದು ಯಾರೂ ಕೂರಿಸಿ ಕಲಿಸಿರಲಿಲ್ಲ.

ಪ್ರತಿ ವರ್ಷ ಮೇ 12ಕ್ಕೆ ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಹಚ್ಚುತ್ತಾರೆ. ಬಿಳಿ ಉಡುಪಿನವರು ಸಾಲಾಗಿ ನಿಂತು ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ. ವೇದಿಕೆ ಮೇಲಿದ್ದವರು ಸೇವೆ, ತ್ಯಾಗ, ತಾಯಿ ಮನಸ್ಸು ಅಂತ ಮಾತಾಡಿ, ಶಾಲು ಹೊದಿಸಿಕೊಂಡು ಹೊರಡುತ್ತಾರೆ. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಆಕೆಯ ಹೆಸರಿನ ಆ ಪ್ರತಿಜ್ಞೆಯನ್ನು ಆಕೆ ಬರೆದದ್ದೇ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಜೊತೆಗಾರರು ಅದನ್ನು ರಚಿಸಿದರು. ವೈದ್ಯರಿಗೆ ನಿಷ್ಠೆಯಿಂದ ನೆರವಾಗುತ್ತೇನೆ ಎನ್ನುವುದು ಅದರ ಒಂದು ಭಾಗ. ನೈಟಿಂಗೇಲ್ ಮಾತ್ರ ಬದುಕಿನುದ್ದಕ್ಕೂ ವೈದ್ಯರ ಜೊತೆ, ಸೇನಾಧಿಕಾರಿಗಳ ಜೊತೆ, ಮಂತ್ರಿಗಳ ಜೊತೆ ಜಗಳವಾಡಿದವರು. ಜಗಳಕ್ಕೆ ಆಕೆ ಬಳಸಿದ ಆಯುಧ ಅಂಕಿ ಅಂಶ.

ಅಕ್ಕನ ಡೈರಿ ನೋಡಿದ ಮೇಲೆ ಆ ಬದುಕನ್ನು ಮತ್ತೊಮ್ಮೆ ಹೇಳಬೇಕು ಅನ್ನಿಸಿತು.

ಗಣಿತ ಬೇಕೆಂದ ಹುಡುಗಿ

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ್ದರಿಂದ ಆಕೆಗೆ ಊರಿನ ಹೆಸರನ್ನೇ ಇಟ್ಟರು. ಅಪ್ಪ ಅಮ್ಮ ಇಂಗ್ಲೆಂಡಿನ ಭಾರಿ ಸಿರಿವಂತರು, ದೀರ್ಘ ಪ್ರವಾಸದಲ್ಲಿದ್ದವರು. ಅಕ್ಕ ಪಾರ್ಥಿನೋಪಿ ನೇಪಲ್ಸ್‌ನಲ್ಲಿ ಹುಟ್ಟಿದ್ದರಿಂದ ಅವಳಿಗೆ ಆ ಊರಿನ ಹಳೆಯ ಗ್ರೀಕ್ ಹೆಸರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ. ಅಪ್ಪ ವಿಲಿಯಂ ಮನೆಯಲ್ಲೇ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ವಶಾಸ್ತ್ರ ಕಲಿಸಿದರು. ಫ್ಲಾರೆನ್ಸ್‌ಗೆ ಗಣಿತವೂ ಬೇಕಾಗಿತ್ತು. ಮದುವೆಯಾಗಿ ಹೋಗುವ ಹುಡುಗಿಗೆ ಗಣಿತ ಯಾಕೆ ಎಂಬುದು ಅಮ್ಮನ ಕಡೆಯ ತಕರಾರು. ಹಟ ಹಿಡಿದು ಕಲಿತರು. ಬೇರೆ ಹುಡುಗಿಯರು ಕಾದಂಬರಿ ಓದುವ ವಯಸ್ಸಿನಲ್ಲಿ ಆಕೆ ಆಸ್ಪತ್ರೆಗಳ ವರದಿ ತರಿಸಿಕೊಂಡು ಓದುತ್ತಿದ್ದರು.

1837ರಲ್ಲಿ, 16 ವರ್ಷದವಳಿದ್ದಾಗ, ದೇವರು ತನ್ನನ್ನು ಸೇವೆಗೆ ಕರೆದ ಎಂದು ಆಕೆಗೆ ಅನ್ನಿಸಿತು. ಏನು ಸೇವೆ ಎಂದು ಗೊತ್ತಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. 1845ರಲ್ಲಿ ಹತ್ತಿರದ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತೇನೆ ಎಂದಾಗ ಮನೆಯಲ್ಲಿ ರಾದ್ಧಾಂತ. ಆಗ ಅಲ್ಲಿ ನರ್ಸ್ ಎಂದರೆ ಗೌರವವಿಲ್ಲದ ಕೆಲಸ, ಓದುಬರಹವಿಲ್ಲದ ಬಡ ಹೆಂಗಸರು ಮಾಡುವ ಚಾಕರಿ. ಶ್ರೀಮಂತ ಮನೆಯ ಮಗಳು ಅಲ್ಲಿಗೆ ಹೋಗುವುದು ಮರ್ಯಾದೆ ಪ್ರಶ್ನೆ. ಮಗಳು ಕೆಲಸಕ್ಕೆ ಹೋದರೆ ನಾಲ್ಕು ಜನ ಏನಂದುಕೊಳ್ತಾರೆ ಎಂಬ ಮಾತು ನಮ್ಮೂರಿನದಷ್ಟೇ ಅಲ್ಲ. ವರ್ಷಗಟ್ಟಲೆ ಕಾಯುತ್ತಾ ಬಂದಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಎಂಬ ಕವಿ, ರಾಜಕಾರಣಿಯ ಮದುವೆ ಪ್ರಸ್ತಾಪವನ್ನೂ 1849ರಲ್ಲಿ ನಿರಾಕರಿಸಿದರು.

ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್‌ನಲ್ಲಿ ಸುಮಾರು ಮೂರು ತಿಂಗಳ ತರಬೇತಿ ಸಿಕ್ಕಿತು. ಆಕೆ ಪಡೆದ ಔಪಚಾರಿಕ ನರ್ಸಿಂಗ್ ಶಿಕ್ಷಣ ಹೆಚ್ಚುಕಡಿಮೆ ಅಷ್ಟೇ. 1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನಲ್ಲಿ ಕಾಯಿಲೆಬಿದ್ದ ಹೆಂಗಸರ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿಯಾದರು. ಆಗ ಆಕೆಗೆ 33 ವರ್ಷ.

ಮೂರು ರಿಜಿಸ್ಟರ್, ಮೂರು ಲೆಕ್ಕ

ರಷ್ಯಾದ ಮೇಲಿನ ಕ್ರಿಮಿಯಾ ಯುದ್ಧಕ್ಕೆ 1854ರಲ್ಲಿ ಬ್ರಿಟನ್ ಇಳಿಯಿತು. ಗಾಯಾಳುಗಳನ್ನು ಹೇಗೆ ನೋಡಿಕೊಳ್ಳಲಾಗುತ್ತಿದೆ ಎಂದು ಪತ್ರಿಕೆಗಳು ಬರೆದಾಗ ಸರ್ಕಾರಕ್ಕೆ ಮುಜುಗರವಾಯಿತು. ಯುದ್ಧ ಸಚಿವ ಸಿಡ್ನಿ ಹರ್ಬರ್ಟ್ ನೈಟಿಂಗೇಲ್ ಕುಟುಂಬದ ಸ್ನೇಹಿತ. ಅವರ ಕೋರಿಕೆಯಂತೆ ಆಕೆ 38 ಮಂದಿ ನರ್ಸ್‌ಗಳ ತಂಡ ಕಟ್ಟಿಕೊಂಡು ಅಕ್ಟೋಬರ್‌ನಲ್ಲಿ ಹೊರಟು, ನವೆಂಬರ್ ಮೊದಲ ವಾರದಲ್ಲಿ ಇಸ್ತಾಂಬುಲ್ ಎದುರಿನ ಸ್ಕುಟಾರಿ ಸೇನಾ ಆಸ್ಪತ್ರೆ ತಲುಪಿದರು.

ಕಟ್ಟಡ ದೊಡ್ಡದು, ಒಳಗೆ ನರಕ. ಕೆಳಗಿನ ಒಳಚರಂಡಿ ಕಟ್ಟಿಕೊಂಡಿತ್ತು. ಹಾಸಿಗೆಗಳ ಸಾಲು ಕಾರಿಡಾರಿನವರೆಗೂ ಹಬ್ಬಿತ್ತು. ಬಟ್ಟೆ, ಸೋಪು, ಪಾತ್ರೆ ಯಾವುದೂ ಸಾಕಷ್ಟು ಇರಲಿಲ್ಲ. ಮಿಲಿಟರಿ ವೈದ್ಯರು ಮೊದಮೊದಲು ಈ ಹೆಂಗಸರನ್ನು ವಾರ್ಡಿನ ಒಳಗೇ ಬಿಟ್ಟುಕೊಳ್ಳಲಿಲ್ಲ. ಆಕೆ ಅಡುಗೆಮನೆ ಸರಿಮಾಡಿದರು, ಬಟ್ಟೆ ಒಗೆಸುವ ವ್ಯವಸ್ಥೆ ಮಾಡಿದರು, ಹಣ ತರಿಸಿ ಸಾಮಾನು ಕೊಂಡರು. ರಾತ್ರಿ ಹೊತ್ತು ದೀಪ ಹಿಡಿದು ವಾರ್ಡು ಸುತ್ತಿದ್ದೂ ನಿಜ. 1855ರ ಫೆಬ್ರವರಿಯಲ್ಲಿ ಲಂಡನ್ನಿನ ಪತ್ರಿಕೆಯೊಂದು ಆ ಚಿತ್ರ ಅಚ್ಚುಮಾಡಿತು. ದೀಪದ ಕಥೆ ಹುಟ್ಟಿದ್ದು ಹಾಗೆ.

ಆದರೆ ಅದೇ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಬಂದವರಲ್ಲಿ 100ಕ್ಕೆ ಸುಮಾರು 42 ಮಂದಿ ಸಾಯುತ್ತಿದ್ದರು. ದೀಪವೂ ಇತ್ತು, ಕರುಣೆಯೂ ಇತ್ತು, ಸಾವು ಮಾತ್ರ ಏರುತ್ತಲೇ ಇತ್ತು. ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂತು. ಡಾಕ್ಟರ್ ಜಾನ್ ಸದರ್ಲೆಂಡ್ ಮತ್ತು ಇಂಜಿನಿಯರ್ ರಾಬರ್ಟ್ ರಾಲಿನ್ಸನ್ ಚರಂಡಿ ತೊಳೆಸಿದರು, ನೀರಿನ ದಾರಿಯಲ್ಲಿದ್ದ ಕೊಳೆ ತೆಗೆಸಿದರು, ಗೋಡೆಗೆ ಸುಣ್ಣ ಹೊಡೆಸಿ ಗಾಳಿಯಾಡುವಂತೆ ಮಾಡಿದರು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ 100ಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಆಕೆಯ ಗಮನ ಸೆಳೆದ ಇನ್ನೊಂದು ಸಂಗತಿಯಿತ್ತು. ಸತ್ತವರನ್ನು ಬರೆದಿಡಲು ಆಸ್ಪತ್ರೆಯಲ್ಲಿ ಮೂರು ಬೇರೆ ಬೇರೆ ದಾಖಲೆಗಳಿದ್ದವು, ಮೂರರ ಲೆಕ್ಕವೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಹೂತವರೆಷ್ಟು, ಸತ್ತವರೆಷ್ಟು ಎಂಬುದೇ ಗೊಂದಲ. ಸಾವಿನ ಲೆಕ್ಕ ರಾಜಕೀಯದ ವಿಷಯ ಎಂಬುದು ಗೌರಿಬಿದನೂರು ತಾಲ್ಲೂಕಿನವರಿಗೆ ಹೊಸದಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಸತ್ತವರ ಸಂಖ್ಯೆ ಸರ್ಕಾರದ ಬಾಯಲ್ಲಿ ಒಂದು, ಜನರ ಬಾಯಲ್ಲಿ ಇನ್ನೊಂದು. ಲೆಕ್ಕ ಬರೆಯುವವರು ಯಾರು ಎಂಬುದರ ಮೇಲೆ ಸತ್ಯ ನಿಂತಿರುತ್ತದೆ.

ತನ್ನ ಆಸ್ಪತ್ರೆಯ ಸಾವನ್ನೂ ಎಣಿಸಿದಾಗ

1856ರಲ್ಲಿ ಆಕೆ ಇಂಗ್ಲೆಂಡಿಗೆ ಮರಳಿದಾಗ ದೇಶದ ತುಂಬಾ ಹೆಸರಾಗಿತ್ತು. ಮೆರವಣಿಗೆ ತಪ್ಪಿಸಿಕೊಂಡು, ಬೇರೆ ಹೆಸರಿಟ್ಟುಕೊಂಡು ಊರು ಸೇರಿದರು. ಆ ಹೆಸರನ್ನು ನಂಬಿಕೊಂಡು ಆರಾಮಾಗಿ ಇರಬಹುದಿತ್ತು. ಬದಲಿಗೆ ರಾಣಿ ವಿಕ್ಟೋರಿಯಾಳನ್ನು ಕಂಡು, ಸೇನೆಯ ಆರೋಗ್ಯದ ಬಗ್ಗೆ ತನಿಖೆಗೆ ರಾಯಲ್ ಕಮಿಷನ್ ಬೇಕೆಂದು ಒತ್ತಾಯಿಸಿದರು. 1857ರಲ್ಲಿ ಆಯೋಗ ರಚನೆಯಾಯಿತು. ಹೆಂಗಸು ಎಂಬ ಕಾರಣಕ್ಕೆ ಆಕೆ ಸದಸ್ಯೆಯಾಗಲು ಸಾಧ್ಯವಿರಲಿಲ್ಲ. ತೆರೆಯ ಹಿಂದೆ ಕೂತು ಅಂಕಿಗಳನ್ನು ಜೋಡಿಸಿಕೊಟ್ಟರು.

ಈ ಕೆಲಸದಲ್ಲಿ ಜೊತೆಯಾದವರು ವಿಲಿಯಂ ಫಾರ್. ಜನನ ಮರಣ ದಾಖಲೆಗಳ ಕಚೇರಿಯಲ್ಲಿದ್ದ ಆ ಕಾಲದ ದೊಡ್ಡ ಸಂಖ್ಯಾಶಾಸ್ತ್ರಜ್ಞ. ಇಬ್ಬರೂ ಲೆಕ್ಕ ಹಾಕಿದಾಗ ಹೊರಬಿದ್ದದ್ದು ಇದು: ಯುದ್ಧದಲ್ಲಿ ಸತ್ತ ಸೈನಿಕರಲ್ಲಿ ಬಹುಪಾಲು ಜನ ಗುಂಡಿಗೆ ಸತ್ತವರಲ್ಲ, ತಡೆಯಬಹುದಾದ ರೋಗಗಳಿಗೆ ಸತ್ತವರು. ಯುದ್ಧವಿಲ್ಲದ ಕಾಲದಲ್ಲೂ ಬ್ಯಾರಕ್‌ನಲ್ಲಿರುವ ಯುವ ಸೈನಿಕ, ಅದೇ ವಯಸ್ಸಿನ ಸಾಮಾನ್ಯ ನಾಗರಿಕನಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಸಾಯುತ್ತಿದ್ದ. ಆಕೆ ದೀಪ ಹಿಡಿದು ಓಡಾಡಿದ ಸ್ಕುಟಾರಿಯೇ ಅತಿ ಹೆಚ್ಚು ಸಾವು ಕಂಡ ಆಸ್ಪತ್ರೆಗಳಲ್ಲಿ ಒಂದಾಗಿತ್ತು. ಜನ ಆಕೆಯನ್ನು ಕೊಂಡಾಡುತ್ತಿದ್ದುದು ಯಾವ ಜಾಗದ ಹೆಸರಿನಲ್ಲೋ, ಆ ಜಾಗದ ಲೆಕ್ಕವನ್ನೂ ಬಚ್ಚಿಡದೆ ಮುಂದಿಟ್ಟರು. ಇಡೀ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಅಂಕಿಗಳನ್ನು ಮಂತ್ರಿಗಳು ಓದುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಅದಕ್ಕೇ ಚಿತ್ರ ಬರೆದರು. ಹೂವಿನ ಎಸಳುಗಳಂತೆ ಸುತ್ತಲೂ 12 ತಿಂಗಳು. ಪ್ರತಿ ಎಸಳಿನ ವಿಸ್ತೀರ್ಣ ಆ ತಿಂಗಳ ಸಾವಿಗೆ ತಕ್ಕಷ್ಟು. ತಡೆಯಬಹುದಾದ ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. ನೀಲಿ ಉಬ್ಬಿಕೊಂಡು ಪುಟ ತುಂಬುತ್ತದೆ, ಕೆಂಪು ಮಧ್ಯದಲ್ಲಿ ಮುದುಡಿಕೊಂಡಿರುತ್ತದೆ. ನಾಲ್ಕು ವರ್ಷ ಇಂಜಿನಿಯರಿಂಗ್‌ನಲ್ಲಿ ನಾನೂ ಎಷ್ಟೋ ಗ್ರಾಫ್ ಎಳೆದಿದ್ದೇನೆ, ಒಂದನ್ನೂ ಯಾರನ್ನಾದರೂ ಬದಲಿಸಬೇಕು ಅಂತ ಎಳೆದಿರಲಿಲ್ಲ. 1858ರಲ್ಲಿ ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿ ಆಕೆಯನ್ನು ಸದಸ್ಯೆಯಾಗಿ ಆರಿಸಿತು. ಆ ಸಂಸ್ಥೆಗೆ ಆಯ್ಕೆಯಾದ ಮೊದಲ ಹೆಂಗಸು ಆಕೆ.

ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. ಕ್ರಿಮಿಯಾದಲ್ಲಿ ಅಂಟಿದ ಜ್ವರದ ಪರಿಣಾಮ ವರ್ಷಗಟ್ಟಲೆ ಬಿಡಲಿಲ್ಲ. 1857ರ ನಂತರದ ಬದುಕಿನ ಬಹುಭಾಗವನ್ನು ಆಕೆ ಕೋಣೆಯೊಳಗೆ, ಹಾಸಿಗೆಯ ಮೇಲೆ ಕಳೆದರು. ಲೋಕ ನೆನಪಿಟ್ಟುಕೊಂಡ ನರ್ಸ್ ವಾರ್ಡಿನಲ್ಲಿ ಕೆಲಸ ಮಾಡಿದ್ದು ಮೂರು ವರ್ಷಕ್ಕಿಂತ ಕಡಿಮೆ. ಪತ್ರ, ವರದಿ, ಕೋಷ್ಟಕಗಳ ಜೊತೆ ಕೆಲಸ ಮಾಡಿದ್ದು ಸುಮಾರು ನಲವತ್ತು ವರ್ಷ.

ಛೇದ ತಪ್ಪಿದ ಲೆಕ್ಕ

ಜನ ಕೃತಜ್ಞತೆಯಿಂದ ಕೊಟ್ಟ ದೇಣಿಗೆಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಕಲಿಯಲು ಬಂದವರು ವಾರ್ಡಿನಲ್ಲಿ ಕಂಡದ್ದನ್ನು ದಿನವೂ ಬರೆಯಬೇಕಿತ್ತು. ನೋಡುವುದು ಮತ್ತು ಬರೆದಿಡುವುದು ನರ್ಸಿಂಗ್‌ನ ಭಾಗ ಎಂಬುದು ಆಕೆಯ ನಂಬಿಕೆ. ಅದೇ ವರ್ಷ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮಾವೇಶದಲ್ಲಿ ಆಕೆಯ ಒಂದು ಪ್ರಸ್ತಾವ ಮಂಡನೆಯಾಯಿತು: ಎಲ್ಲ ಆಸ್ಪತ್ರೆಗಳೂ ಒಂದೇ ರೀತಿಯ ಫಾರಂನಲ್ಲಿ ರೋಗ, ಚಿಕಿತ್ಸೆ, ಸಾವುಗಳನ್ನು ದಾಖಲಿಸಬೇಕು, ಆಗಷ್ಟೇ ಒಂದನ್ನು ಇನ್ನೊಂದಕ್ಕೆ ಹೋಲಿಸಲು ಸಾಧ್ಯ. ಲಂಡನ್ನಿನ ಕೆಲವು ಆಸ್ಪತ್ರೆಗಳು ಸ್ವಲ್ಪ ಕಾಲ ಮಾಡಿ ನೋಡಿ ಕೈಬಿಟ್ಟವು.

ಆಕೆಯೂ ಎಡವಿದ್ದುಂಟು. 1863ರಲ್ಲಿ ಆಸ್ಪತ್ರೆಗಳ ಬಗೆಗಿನ ತಮ್ಮ ಪುಸ್ತಕದ ಹೊಸ ಆವೃತ್ತಿಯಲ್ಲಿ ಫಾರ್ ತಯಾರಿಸಿದ ಒಂದು ಕೋಷ್ಟಕ ಬಳಸಿದರು. ಅದರ ಪ್ರಕಾರ ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ 100ಕ್ಕೆ 90ಕ್ಕೂ ಹೆಚ್ಚು. ವೈದ್ಯರು ಸಿಡಿದೆದ್ದರು, ನ್ಯಾಯವಾಗಿಯೇ. 1861ರ ಇಡೀ ವರ್ಷದಲ್ಲಿ ಸತ್ತವರನ್ನು ಒಂದೇ ಒಂದು ದಿನ ಆಸ್ಪತ್ರೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರು. ವರ್ಷವಿಡೀ ದಾಖಲಾದ ರೋಗಿಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರಮಾಣ ಎಷ್ಟೋ ಕೆಳಗಿಳಿಯುತ್ತದೆ. ಮೇಲಿನ ಅಂಶ ಸರಿಯಿತ್ತು, ಕೆಳಗಿನ ಛೇದ ತಪ್ಪಿತ್ತು. ತೊಂಡೇಬಾವಿ ರೈಲಿನ ಅಕ್ಕನ ಡೈರಿಯಲ್ಲಿ ಇದ್ದ ತೊಡಕೂ ಛೇದದ್ದೇ. ನೈಟಿಂಗೇಲ್ ಮತ್ತು ಫಾರ್ ಎಡವಿದ ಜಾಗದಲ್ಲಿ ನಮ್ಮೂರ ನರ್ಸ್ ಎಡವಿದರೆ ಅದು ದಡ್ಡತನವಲ್ಲ. ಪ್ರಶ್ನೆ ಕೇಳಲು ಹೊರಟ ಯಾರಾದರೂ ಎಡವುವ ಜಾಗ ಅದು. ತರಬೇತಿ ಬೇಕಾಗುವುದು ಅಲ್ಲೇ.

ಎಡವಿದ್ದರಿಂದ ಆಕೆ ಎಣಿಸುವುದನ್ನು ನಿಲ್ಲಿಸಲಿಲ್ಲ. ತಮ್ಮದೇ ನಿಧಿಯ ಹಣದಿಂದ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿಗೆ ಒಂದು ಹೆರಿಗೆ ವಾರ್ಡು ತೆರೆಸಿದ್ದರು. ಅಲ್ಲಿ ಬಾಣಂತಿ ಜ್ವರಕ್ಕೆ ತಾಯಂದಿರು ಸಾಯತೊಡಗಿದಾಗ 1867ರಲ್ಲಿ ಅದನ್ನು ಮುಚ್ಚಲಾಯಿತು. ಆಮೇಲೆ ಆಕೆ ಬೇರೆ ಬೇರೆ ಕಡೆಯ ಹೆರಿಗೆ ಸಾವುಗಳ ಲೆಕ್ಕ ತರಿಸಿ, 1871ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆಗಿನ ಆಸ್ಪತ್ರೆಗಳಿಗಿಂತ ಬಡವರ ಮನೆಯಲ್ಲಿ ಆಗುವ ಹೆರಿಗೆಯೇ ತಾಯಿಗೆ ಹೆಚ್ಚು ಸುರಕ್ಷಿತ ಎಂದು ಅಂಕಿಗಳು ಹೇಳಿದವು. ಆಸ್ಪತ್ರೆಗಳಿಗಾಗಿ ದುಡಿದವರೇ ಆ ಮಾತನ್ನು ಬರೆಯಬೇಕಾಯಿತು.

ಇದು ಹಳೆಯ ಕಥೆಯಷ್ಟೇ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ರಾಜ್ಯವೇ ಬೆಚ್ಚಿಬಿತ್ತು. ಅವರಿಗೆ ಕೊಟ್ಟ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂದು ಅದರ ಬಳಕೆ ನಿಲ್ಲಿಸಲಾಯಿತು, ತನಿಖೆಗಳು ನಡೆದವು, ವಿಧಾನಸಭೆಯಲ್ಲಿ ಗದ್ದಲವಾಯಿತು. ಆ ಬಾಟಲಿಯನ್ನು ನೇತುಹಾಕುವವರು ಯಾರು? ನರ್ಸ್. ಬಾಟಲಿಯ ಮೇಲಿನ ಬ್ಯಾಚ್ ನಂಬರ್ ಕಣ್ಣಿಗೆ ಬೀಳುವುದು ಯಾರಿಗೆ? ನರ್ಸ್‌ಗೆ. ಚಳಿ ಬಂತು, ಮೂತ್ರ ಕಡಿಮೆಯಾಯಿತು ಎಂದು ಮೊದಲು ಗೊತ್ತಾಗುವುದೂ ಅವರಿಗೇ. ಹಾಗಾದರೆ ಯಾವ ಬ್ಯಾಚ್ ಯಾವ ರೋಗಿಗೆ, ಆಮೇಲೆ ಏನಾಯಿತು ಎಂದು ಜೋಡಿಸಿ ನೋಡುವ ಕೌಶಲ, ಅನುಮಾನ ಬಂದಾಗ ನಿಲ್ಲಿಸಿ ಎನ್ನುವ ಅಧಿಕಾರ ನಮ್ಮ ಆಸ್ಪತ್ರೆಗಳಲ್ಲಿ ಯಾರ ಕೈಲಿರಬೇಕು? ಇದು ಜೀವ ಉಳಿಸುವ ಪ್ರಶ್ನೆ, ಪಿಎಚ್‌ಡಿ ಮಾಡಿ ಬಡ್ತಿ ಪಡೆಯುವ ಪ್ರಶ್ನೆ ಅಲ್ಲ.

ಹಲಸೂರು ಕೆರೆಯ ನೀರು

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಭಾರತದ ಬಗ್ಗೆ ದಶಕಗಟ್ಟಲೆ ಬರೆದರು. 1857ರ ದಂಗೆಯ ನಂತರ ಬ್ರಿಟಿಷ್ ಸೈನಿಕರ ಸಂಖ್ಯೆ ಇಲ್ಲಿ ಹೆಚ್ಚಿತು. 1859ರಲ್ಲಿ ಭಾರತದ ಸೇನೆಯ ಆರೋಗ್ಯ ಕುರಿತ ಇನ್ನೊಂದು ಆಯೋಗ ಬಂತು. ಆಕೆ ಮನೆಯಲ್ಲೇ ಕೂತು ಪ್ರಶ್ನಾವಳಿ ತಯಾರಿಸಿ ಇಲ್ಲಿನ ದಂಡಿನ ಊರುಗಳಿಗೆ ಕಳಿಸಿದರು: ನೀರು ಎಲ್ಲಿಂದ ಬರುತ್ತದೆ, ಚರಂಡಿ ಎಲ್ಲಿಗೆ ಹೋಗುತ್ತದೆ, ಒಬ್ಬ ಸೈನಿಕನಿಗೆ ಎಷ್ಟು ಜಾಗ, ಯಾವ ರೋಗಕ್ಕೆ ಎಷ್ಟು ಸಾವು. ಕಟ್ಟುಕಟ್ಟು ಉತ್ತರ ಬಂದವು. ಭಾರತದಲ್ಲಿ ಬ್ರಿಟಿಷ್ ಸೈನಿಕರ ಸಾವು ವರ್ಷಕ್ಕೆ 1000ಕ್ಕೆ 69 ಎಂದು ಲೆಕ್ಕ ಸಿಕ್ಕಿತು. 1863ರಲ್ಲಿ ವರದಿ ಹೊರಬಂತು.

ಆ ಉತ್ತರಗಳಲ್ಲಿ ನಮ್ಮ ಬೆಂಗಳೂರೂ ಇದೆ. ದಂಡು ಪ್ರದೇಶದ ಹಲಸೂರು ಕೆರೆಗೆ ಜನನಿಬಿಡ ಪೇಟೆಯ ಹೊಲಸು ಹರಿದು ಬರುತ್ತಿತ್ತು, ಆ ಕೆರೆಯ ನೀರನ್ನೇ ಕುಡಿಯುತ್ತಿದ್ದರು ಎಂಬುದನ್ನು ಆಕೆ ಎತ್ತಿ ತೋರಿಸಿದರು.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಹಳೆಯ ಪ್ರಶ್ನೆ ಹೊಸದಾಗಿ ಏಳುತ್ತದೆ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಒಳಚರಂಡಿ ನೀರನ್ನು ಎರಡು ಹಂತ ಶುದ್ಧೀಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಏರಿತು ಎನ್ನುವವರಿದ್ದಾರೆ, ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಎಂದು ವರ್ಷಗಳಿಂದ ಹೋರಾಡುತ್ತಿರುವವರಿದ್ದಾರೆ. ಫ್ಲೋರೈಡ್ ನೀರಿನ ಕಾಟ ಮೊದಲಿಂದಲೂ ಇದೆ. ಯಾವ ಊರಿನಲ್ಲಿ ಹಲ್ಲು, ಮೂಳೆ, ಚರ್ಮ, ಹೊಟ್ಟೆಯ ತೊಂದರೆ ಹೇಗೆ ಬದಲಾಗುತ್ತಿದೆ ಎಂದು ಮನೆಮನೆಗೆ ಹೋಗುವ ಆರೋಗ್ಯ ಸುರಕ್ಷಣಾಧಿಕಾರಿಗೆ ಗೊತ್ತಾಗುವಷ್ಟು ಬೇಗ ಬೇರೆ ಯಾರಿಗೂ ಗೊತ್ತಾಗಲಾರದು. ಆಕೆ ದಿನವೂ ರಿಜಿಸ್ಟರ್ ತುಂಬುತ್ತಾರೆ, ಆ್ಯಪ್‌ಗೆ ಡೇಟಾ ಹಾಕುತ್ತಾರೆ. ಆ ಡೇಟಾ ಮೇಲಕ್ಕೆ ಹೋಗುತ್ತದೆ. ಅದರಲ್ಲಿ ಏನು ಕಂಡಿತು ಎಂಬ ಮಾತು ಕೆಳಗೆ ಮರಳಿ ಬರುವ ದಾರಿ ಇರಬೇಡವೇ?

1876ರಿಂದ 78ರ ಮಹಾ ಬರಗಾಲ ಆಕೆಯ ನೋಟವನ್ನು ಬ್ಯಾರಕ್ಕಿನಿಂದ ಹಳ್ಳಿಗೆ ತಿರುಗಿಸಿತು. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಇವತ್ತಿನ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಆಗ ಕೋಲಾರ ಜಿಲ್ಲೆ. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕರಗಿಹೋಯಿತು. 1878ರಲ್ಲಿ ನೈಟಿಂಗೇಲ್ ಭಾರತದ ಜನರ ಬಗ್ಗೆ ದೀರ್ಘ ಲೇಖನ ಬರೆದು, ರೈತನ ಸಾಲ, ಲೇವಾದೇವಿಗಾರನ ಹಿಡಿತ, ನೀರಾವರಿಗೆ ಹಣ ಹಾಕದ ಸರ್ಕಾರದ ಬೇಜವಾಬ್ದಾರಿ ಎಲ್ಲವನ್ನೂ ಪ್ರಶ್ನಿಸಿದರು. ಹೊಟ್ಟೆಗಿಲ್ಲದವನಿಗೆ ಔಷಧದ ಬಾಟಲಿ ಕೊಟ್ಟು ಏನು ಪ್ರಯೋಜನ ಎಂಬ ದಿಕ್ಕಿಗೆ ಆಕೆಯ ಲೆಕ್ಕ ಹೋಗಿತ್ತು. ನರ್ಸ್ ಪ್ರಶ್ನೆ ಕೇಳತೊಡಗಿದರೆ ಅದು ವಾರ್ಡಿನ ಬಾಗಿಲಲ್ಲಿ ನಿಲ್ಲುವುದಿಲ್ಲ. ಬಹುಶಃ ಅದಕ್ಕೇ ಪ್ರಶ್ನೆಗಿಂತ ದೀಪವೇ ವೇದಿಕೆಗಳಿಗೆ ಇಷ್ಟ.

ಪೂಜೆ ಬೇಡ, ಓದು ಬೇಕು

ಹಾಗಂತ ಆಕೆಯನ್ನು ದೇವತೆ ಮಾಡುವುದು ಬೇಡ. ಬ್ರಿಟಿಷ್ ಆಳ್ವಿಕೆ ಸರಿಯಾಗಿ ನಡೆಯಲಿ ಎಂದರೇ ಹೊರತು, ಅದು ತೊಲಗಲಿ ಎನ್ನಲಿಲ್ಲ. ಕ್ರಿಮಿಯಾದಲ್ಲಿ ತನ್ನ ದುಡ್ಡಿನಲ್ಲೇ ಸೈನಿಕರನ್ನು ಆರೈಕೆ ಮಾಡಿದ ಜಮೈಕಾದ ಮೇರಿ ಸೀಕೋಲ್ ಬಗ್ಗೆ ಆಕೆಯ ಖಾಸಗಿ ಪತ್ರದಲ್ಲಿರುವ ಮಾತು ಉದಾರವಾದದ್ದಲ್ಲ. ರೋಗಾಣುಗಳಿಂದ ರೋಗ ಹರಡುತ್ತದೆ ಎಂಬುದನ್ನು ಬಹಳ ಕಾಲ ಒಪ್ಪಲಿಲ್ಲ. ನರ್ಸ್‌ಗಳಿಗೆ ಪರೀಕ್ಷೆ, ನೋಂದಣಿ ಬೇಕು ಎಂದು ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಮೊದಲಾದವರು ಹೋರಾಡಿದಾಗ ವಿರೋಧಿಸಿದರು. ಪರೀಕ್ಷೆಯಿಂದ ಗುಣ ಅಳೆಯಲಾಗದು ಎಂಬುದು ಅವರ ವಾದವಾಗಿತ್ತು. ನೋಂದಣಿಯಿಲ್ಲದೆ ಕಸುಬಿಗೆ ಹಕ್ಕು ಸಿಗದು ಎಂಬುದನ್ನು ಮುಂದಿನ ಕಾಲ ತೋರಿಸಿತು.

ಆದರೆ ಕಲಿಸಬೇಕಾದ್ದು ಏನು ಎಂಬ ವಿಷಯದಲ್ಲಿ ಆಕೆಗಿದ್ದ ಸ್ಪಷ್ಟತೆ ದೊಡ್ಡದು. 1891ರಲ್ಲಿ, 70 ದಾಟಿದ ಮೇಲೆ, ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಜೊತೆ ಪತ್ರ ವ್ಯವಹಾರ ನಡೆಸಿ, ಆಕ್ಸ್‌ಫರ್ಡ್‌ನಲ್ಲಿ ಅನ್ವಯಿಕ ಸಂಖ್ಯಾಶಾಸ್ತ್ರಕ್ಕೆ ಒಂದು ಪ್ರಾಧ್ಯಾಪಕ ಹುದ್ದೆ ಬೇಕೆಂದು ಪ್ರಯತ್ನಿಸಿದರು. ಸರ್ಕಾರದ ಬಳಿ ರಾಶಿ ರಾಶಿ ಅಂಕಿಗಳಿವೆ, ಆಳುವವರಿಗೆ ಅವನ್ನು ಓದಲು ಬರುವುದಿಲ್ಲ ಎಂಬುದು ಆಕೆಯ ದೂರು. ಆ ಯೋಜನೆ ಕೈಗೂಡಲಿಲ್ಲ. ಮರುವರ್ಷ ಬಕಿಂಗ್‌ಹ್ಯಾಮ್‌ಶೈರ್‌ನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಆರೋಗ್ಯ ತಿಳಿವಳಿಕೆ ಹೇಳುವ ಹೆಂಗಸರಿಗೆ ತರಬೇತಿ ಕೊಡಿಸಿದರು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೋಡಿದಾಗ ನನಗೆ ಅದು ನೆನಪಾಗುತ್ತದೆ.

ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಯಿತು, ನೆನಪು ಮಸುಕಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ಲಂಡನ್ನಿನ ಮನೆಯಲ್ಲಿ ತೀರಿಕೊಂಡರು. ರಾಜರಾಣಿಯರ ಸಾಲಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣು ಮಾಡುವ ಪ್ರಸ್ತಾಪವನ್ನು ಮನೆಯವರು ಆಕೆಯ ಇಚ್ಛೆಯಂತೆ ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚ್ ಅಂಗಳದಲ್ಲಿರುವ ಸಮಾಧಿಯ ಮೇಲೆ ಎರಡು ಅಕ್ಷರಗಳ ಹೆಸರು, ಹುಟ್ಟಿದ ಮತ್ತು ಸತ್ತ ದಿನಾಂಕ, ಅಷ್ಟೇ ಇದೆ.

ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂದಿದೆ. ಪಠ್ಯದಲ್ಲಿ ಸಂಶೋಧನೆಯ ವಿಷಯ ಇದೆ. ಭಾರತೀಯ ನರ್ಸಿಂಗ್ ಪರಿಷತ್ತು ನರ್ಸಿಂಗ್ ಪಿಎಚ್‌ಡಿಗಾಗಿ ರೂಪಿಸಿದ ರಾಷ್ಟ್ರೀಯ ಒಕ್ಕೂಟಕ್ಕೆ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ ನೆಲೆಯಾಯಿತು. ಇಷ್ಟೆಲ್ಲಾ ಇದ್ದೂ ವಾರ್ಡಿನಲ್ಲಿ ನಿಂತ ನರ್ಸ್ ಕೈಗೆ ಆ ಕೌಶಲ ಇಳಿದಿಲ್ಲ ಯಾಕೆ? ಕಲಿಕೆ ಪರೀಕ್ಷೆಗೆ ಮುಗಿಯುತ್ತದೆ. ಪಾಠ ಇಂಗ್ಲಿಷಿನಲ್ಲಿರುತ್ತದೆ, ಕನ್ನಡ ಮಾಧ್ಯಮದಿಂದ ಬಂದವರು ಸಂಭವನೀಯತೆಯ ಸೂತ್ರವನ್ನು ಬಾಯಿಪಾಠ ಮಾಡಿ ದಾಟುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಒಂದು ಪಾಳಿಯಲ್ಲಿ ನೋಡಬೇಕಾದ ರೋಗಿಗಳ ಸಂಖ್ಯೆಯೇ ಉಸಿರು ಕಟ್ಟಿಸುತ್ತದೆ, ಯೋಚಿಸಲು ಪುರುಸೊತ್ತು ಎಲ್ಲಿ? ಗುತ್ತಿಗೆಯ ಮೇಲಿರುವವರು ಆಸ್ಪತ್ರೆಯ ಲೋಪ ಎಣಿಸಿ ತೋರಿಸಿದರೆ ಮುಂದಿನ ವರ್ಷ ಕೆಲಸ ಉಳಿಯುವ ಖಾತ್ರಿ ಏನು?

ಹಾಗಾಗಿ ತರಬೇತಿ ಎಂದರೆ ಒಂದು ದಿನದ ಕಾರ್ಯಾಗಾರ, ಪ್ರಮಾಣಪತ್ರ, ಗ್ರೂಪ್ ಫೋಟೋ ಅಲ್ಲ. ವಾರಕ್ಕೆ ಕೆಲವು ಗಂಟೆ ಪಾಳಿಯಿಂದ ಬಿಡುವು ಕೊಟ್ಟು ತಮ್ಮದೇ ವಾರ್ಡಿನ ರಿಜಿಸ್ಟರ್ ಬಿಡಿಸಿ ಓದಿಸಬೇಕು. ಎಷ್ಟರಲ್ಲಿ ಎಷ್ಟು ಎಂಬ ಲೆಕ್ಕವನ್ನು ಕನ್ನಡದಲ್ಲೇ ಹೇಳಿಕೊಡಬೇಕು. ರೋಗಿಯ ಹೆಸರು, ಗುಟ್ಟು ಕಾಪಾಡಿಕೊಂಡು ಮಾಹಿತಿ ಬಳಸುವ ರೀತಿ ಕಲಿಸಬೇಕು. ಹೊಸ ಅಧ್ಯಯನಗಳನ್ನು ಓದಲು ಗ್ರಂಥಾಲಯದ ದಾರಿ ತೆರೆಯಬೇಕು. ಸೋಂಕು ತಡೆ ಸಮಿತಿಯಲ್ಲಿ, ತಾಯಿ ಮರಣದ ಪರಿಶೀಲನೆಯಲ್ಲಿ ನರ್ಸ್ ಮಾತಿಗೆ ತೂಕ ಕೊಡಬೇಕು. ಪ್ರಶ್ನೆ ಕೇಳಿದವರ ಕೆಲಸಕ್ಕೆ ಕುತ್ತು ಬರಬಾರದು. ಕೊನೆಯದು ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ.

ಪ್ರಶ್ನಿಸದೆ ಏನನ್ನೂ ಒಪ್ಪಬಾರದು ಎಂದು ತಲೆಮಾರುಗಳಿಗೆ ಕಲಿಸಿದ ಎಚ್. ನರಸಿಂಹಯ್ಯನವರು ಹುಟ್ಟಿದ್ದು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಅವರ ಆ ಪಾಠ ಪವಾಡ ಮಾಡುವ ಬಾಬಾಗಳಿಗೆ ಮಾತ್ರ ಅನ್ವಯ, ಆಸ್ಪತ್ರೆಯ ರೌಂಡ್ಸ್‌ಗೆ ಅಲ್ಲ ಅಂತ ಎಲ್ಲೂ ಬರೆದಿಲ್ಲ.

ಮೊನ್ನೆ ಅದೇ ರೈಲಿನಲ್ಲಿ ಅಕ್ಕ ಮತ್ತೆ ಸಿಕ್ಕಿದ್ದರು. ಹೊಸ ಡೈರಿ ತಂದಿದ್ದರು. ಈ ಸಲ ಪುಟದಲ್ಲಿ ಎರಡು ಕಾಲಂ ಎಳೆದಿದ್ದರು: ಒಂದರಲ್ಲಿ ಹಾಕಿದ ಕ್ಯಾನುಲಾಗಳೆಲ್ಲ, ಇನ್ನೊಂದರಲ್ಲಿ ಊದಿಕೊಂಡವು. ಹಗಲಿಗೆ ಬೇರೆ ಪುಟ, ರಾತ್ರಿಗೆ ಬೇರೆ ಪುಟ. ಇನ್ನೂ ಒಂದು ತಿಂಗಳು ಬರೀಬೇಕು, ಆಮೇಲೆ ಲೆಕ್ಕ ಹಾಕಿ ಕೊಡಬೇಕು ಅಂತ ಹೇಳಿ, ಯಲಹಂಕದಲ್ಲಿ ಇಳಿದು ಡ್ಯೂಟಿಗೆ ಹೋದರು.